ಬಾಯಿಬಿಟ್ಟು ಓದಬೇಕು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಬರೆಯುತ್ತಿರುವ ಸಂಗತಿಗೆ ಸಿಟ್ಟನ್ನು ನೆಪ ಮಾಡಿಕೊಂಡರೆ ಓದುವವರು ನನ್ನನ್ನು ಅರ್ಧ ಕ್ಷಮಿಸಿಬಿಡುತ್ತಾರೆ. ಸಿಟ್ಟಿನ ಮನುಷ್ಯ ಸಿಟ್ಟು ಇಳಿದ ಮೇಲಾದರೂ ನೆಟ್ಟಗೆ ನೋಡುತ್ತಾನೆ. ನನಗಿದ್ದದ್ದು ಸೊಕ್ಕು, ಅದೂ ಓದಿನ ಸೊಕ್ಕು. ಅದು ಇಳಿಯುವ ಜಾತಿಯದಲ್ಲ.

ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಹುಟ್ಟಿದ್ದು ಕಬ್ಬೂರಿನ ಕಡೆ, ನೌಕರಿ ಮಾಡಿದ್ದೆಲ್ಲ ಚಿಕ್ಕೋಡಿ ಮತ್ತು ನಿಪ್ಪಾಣಿಯ ಸುತ್ತಮುತ್ತ. ಮನೆ ನಿಪ್ಪಾಣಿಯಲ್ಲಿ, ಶಾಲೆ ಬೋರಗಾಂವದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಊರಿನ ಒಳಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕು ಎಂದು ಅನ್ನಿಸಿಯೂ ಇರಲಿಲ್ಲ. ಬಿ.ಎಡ್. ಓದುವಾಗ ಶೈಕ್ಷಣಿಕ ಮನಃಶಾಸ್ತ್ರದಲ್ಲಿ ನನಗೇ ಹೆಚ್ಚು ಅಂಕ. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿ, ಕಾಳು ಬೀಳುತ್ತದೆ ಎಂದು ಗುಂಡಿ ಒತ್ತುವ ಪಾರಿವಾಳ, ಎಲ್ಲ ಬಾಯಿಪಾಠ. ಶಾಲೆಯಲ್ಲಿ ಯಾವುದಾದರೂ ಮಗು ಓದದಿದ್ದರೆ ಉಳಿದ ಮಾಸ್ತರರು ಬೈಯುತ್ತಿದ್ದರು. ನಾನು ಅದಕ್ಕೊಂದು ರೋಗದ ಹೆಸರು ಕೊಡುತ್ತಿದ್ದೆ. ಬೈದವರ ಬೈಗುಳ ಸಂಜೆಗೆ ಮರೆತುಹೋಗುತ್ತಿತ್ತು. ನಾನು ಇಟ್ಟ ಹೆಸರು ಮಗುವಿಗೆ ವರ್ಷಗಟ್ಟಲೆ ಅಂಟಿಕೊಳ್ಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ವಯಸ್ಕರಿಗೆ ಓದು ಬರಹ ಕಲಿಸುವ ಕೆಲಸ ನಮ್ಮ ಶಾಲೆಯ ಪಾಲಿಗೆ ಬಂತು. ಯಾರೂ ಮುಂದೆ ಬರಲಿಲ್ಲ. ‘ಮನಃಶಾಸ್ತ್ರ ಗೊತ್ತಿದ್ದವರು ನೀವಽ ಹೋಗ್ರಿ’ ಎಂದು ಮುಖ್ಯ ಗುರುಗಳು ನನ್ನನ್ನು ಏರಿಸಿದರು, ನಾನು ಏರಿದೆ. ಚಿಕ್ಕೋಡಿಯಲ್ಲಿ ಎರಡು ದಿನದ ತರಬೇತಿ. ತರಬೇತಿ ಕೊಡಲು ಬಂದವಳು ಅಥಣಿ ಕಡೆಯ ಹುಡುಗಿ, ನನ್ನ ಮಗಳಷ್ಟು ವಯಸ್ಸು. ದೊಡ್ಡವರು ಖಾಲಿ ಕೊಡ ಹಿಡಿದುಕೊಂಡು ಬರುವುದಿಲ್ಲ, ಅರ್ಧ ಆಯುಷ್ಯವನ್ನು ಜೊತೆಗೆ ತಂದಿರುತ್ತಾರೆ ಎಂದಳು. ಅವರಿಗೆ ತಪ್ಪುವುದಕ್ಕಿಂತ ನಾಲ್ಕು ಜನರ ಮುಂದೆ ತಪ್ಪುವ ಹೆದರಿಕೆ ದೊಡ್ಡದು, ಎದ್ದು ನಿಲ್ಲಿಸಬೇಡಿ, ಏಕವಚನ ಬೇಡ, ಕೆಂಪು ಶಾಯಿ ಬೇಡ ಎಂದಳು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಪಕ್ಕದವನ ಜೊತೆ ಅವಲಕ್ಕಿ ಹೇಗಾಗಿದೆ ಎಂದು ಮಾತಾಡುತ್ತಿದ್ದೆ.

ಆಕೆ ಒಂದು ಹಾಳೆ ಹಂಚಿದಳು. ಕಲಿಯುವವರ ಹೆಸರು, ವಯಸ್ಸು, ಕೆಲಸ, ಕೊನೆಗೆ ‘ಕಲಿಕೆಯ ಉದ್ದೇಶ’ ಎಂಬ ಖಾನೆ. ಮೊದಲ ದಿನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಯಾಕೆ ಬಂದಿರಿ ಎಂದು ಕೇಳಿ, ಅವರು ಹೇಳಿದ ಮಾತನ್ನೇ ಆ ಖಾನೆಯಲ್ಲಿ ಬರೆಯಬೇಕಂತೆ. ನಾನು ಎದ್ದು ನಿಂತು, ನಮ್ಮ ಕಡೆಯ ಹೆಣ್ಣುಮಕ್ಕಳು ಸಹಿ ಕಲಿಯಲು ಬರುತ್ತಾರೆ, ಅದನ್ನು ಕೇಳಲು ಖಾನೆ ಯಾಕೆ ಬೇಕು ಎಂದೆ. ಸಭೆ ನಕ್ಕಿತು. ಆಕೆಯೂ ನಕ್ಕಳು. ‘ಇರಬಹುದ್ರಿ ಸರ್. ಆದ್ರೂ ಒಮ್ಮೆ ಕೇಳಿ ನೋಡ್ರಿ’ ಎಂದು ಮುಂದಿನ ಮಾತಿಗೆ ಹೋದಳು.

ನಾನು ಕೇಳಲಿಲ್ಲ. ಮನೆಯಲ್ಲಿ ಚಹಾ ಕುಡಿಯುತ್ತ ಹದಿನಾಲ್ಕು ಹೆಸರುಗಳ ಮುಂದೆಯೂ ‘ಸಾಕ್ಷರರಾಗಲು’ ಎಂದು ಬರೆದುಬಿಟ್ಟೆ. ಎರಡನೆಯ ಸಾಲಿನಿಂದ ಕೆಳಗೆ ಬರೆಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಮೇಲಿನದೇ ಎನ್ನುವುದಕ್ಕೆ ‘ಸದರ’ ಎಂದು ಹಾಕುತ್ತ ಹೋದೆ.

ತರಗತಿ ಮಧ್ಯಾಹ್ನ ಎರಡರಿಂದ ನಾಲ್ಕು, ಬೋರಗಾಂವದ ನೇಕಾರರ ಓಣಿಯ ಸಮುದಾಯ ಭವನದಲ್ಲಿ; ಆ ಹೊತ್ತಿಗೆ ಶಾಲೆಯಿಂದ ನನಗೆ ಬಿಡುವು ಕೊಟ್ಟಿದ್ದರು. ಎರಡೂ ಕಡೆ ಮಗ್ಗಗಳ ಖಟಖಟ. ಅಲ್ಲಿ ಕೂಗದೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ. ಬಂದವರಲ್ಲಿ ಮಗ್ಗಕ್ಕೆ ನೂಲು ಸುತ್ತಿಕೊಡುವವರಿದ್ದರು, ಹೊಲಕ್ಕೆ ಹೋಗುವವರಿದ್ದರು, ಮನೆಯಲ್ಲಿ ಬೀಡಿ ಕಟ್ಟುವವರಿದ್ದರು, ಒಬ್ಬ ಜೈನರ ಮನೆಯ ಮುದುಕಿಯೂ ಇದ್ದಳು. ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಬೀಡಿ ಕಟ್ಟುವವರು ಮೊದಲ ದಿನ ಎಲೆ, ತಂಬಾಕು ತುಂಬಿದ ಮೊರವನ್ನೇ ಹೊತ್ತು ಬಂದರು. ಕೈ ಸುಮ್ಮನಿದ್ದರೆ ಅವರಿಗೆ ಕಿವಿಯೂ ಕೇಳುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಇದು ಶಾಲೆ, ಕಾರಖಾನೆಯಲ್ಲ ಎಂದು ಮೊರಗಳನ್ನು ಹೊರಗಿಡಿಸಿದೆ. ನನಗಿಂತ ಹಿರಿಯರನ್ನೂ ‘ಏ, ನೀ ಓದು’ ಎಂದು ಕರೆದೆ. ಅವರು ನನ್ನನ್ನು ‘ಗುರುಜಿ’ ಎಂದು ಕರೆದು ಬಹುವಚನದಲ್ಲೇ ಮಾತಾಡಿಸಿದರು.

ಪಾಟಿ, ಬಳಪ ಕೊಟ್ಟೆ. ನೋಟ್‌ಬುಕ್ಕುಗಳು ಬಂದಿದ್ದವು, ಕೆಡಿಸುತ್ತಾರೆ ಎಂದು ಶಾಲೆಯ ಕಪಾಟಿನಲ್ಲಿ ಇಟ್ಟುಕೊಂಡೆ. ನನ್ನದು ಒಂದೇ ನಿಯಮ: ಬಾಯಿಬಿಟ್ಟು ಓದಬೇಕು, ಓದಿದ್ದನ್ನೇ ಬರೆಯಬೇಕು. ಓದಲು ಬಾರದ್ದನ್ನು ಬರೆದರೆ ಅದು ಅಕ್ಷರವಲ್ಲ, ರಂಗೋಲಿ. ಮಕ್ಕಳಿಗೆ ಇಪ್ಪತ್ತೈದು ವರ್ಷ ಹೀಗೇ ಕಲಿಸಿದ್ದೆ, ಚೆನ್ನಾಗಿ ನಡೆದಿತ್ತು.

ಕಲಿಯಲು ಬಂದವರಲ್ಲಿ ಒಬ್ಬಾಕೆ ಬಾಗಿಲ ಹತ್ತಿರ ಕೂರುತ್ತಿದ್ದಳು. ಐವತ್ತರ ಆಸುಪಾಸು, ಒಣಕಲು ಮೈ, ನೂಲು ಸುತ್ತಿ ಸುತ್ತಿ ಬಲಗೈಯ ಎರಡು ಬೆರಳಿನ ತುದಿಗಳು ನುಣ್ಣಗಾಗಿದ್ದವು. ದಿನವೂ ಕಾಲು ತಾಸು ಮೊದಲೇ ಎದ್ದು ಹೋಗುತ್ತಿದ್ದಳು. ಯಾಕೆ ಎಂದರೆ ಮನೆಯಲ್ಲಿ ಕೆಲಸ ಐತ್ರಿ ಅನ್ನುತ್ತಿದ್ದಳು. ಉಳಿದವರಿಗೆಲ್ಲ ಮನೆ ಇಲ್ಲವೇನು ಎಂದು ನಾನು ಒಂದು ದಿನ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿಕೊಂಡೇ ಪಾಠ ಮಾಡಿದೆ. ಆಕೆ ನಾಲ್ಕು ಹೊಡೆಯುವವರೆಗೂ ಪಾಟಿ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ನನಗೆ ಆಗ ಒಳಗೊಳಗೇ ಖುಷಿಯಾಯಿತು, ಗೆದ್ದೆ ಎನ್ನುವ ಖುಷಿ. ಥೂ.

ಎರಡನೆಯ ವಾರ ಹೆಸರಿನ ಪಾಠ. ನಮ್ಮ ಕಡೆ ಹೆಂಗಸರ ಪೂರ್ತಿ ಹೆಸರೆಂದರೆ ತನ್ನ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಮನೆತನದ ಹೆಸರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವ ಪದ್ಧತಿ ಹಳಬರಲ್ಲಿ ಇಲ್ಲ. ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆ, ಸೀಮಂತಗಳಲ್ಲಿ ಮಾತ್ರ ಪ್ರಾಸ ಕಟ್ಟಿ, ಒಡಪು ಹಾಕಿ ಹೇಳಿಸುತ್ತಾರೆ. ಆ ದಿನ ಎಲ್ಲರ ಪಾಟಿಯ ಮೇಲೆ ಪೂರ್ತಿ ಹೆಸರು ಬರೆದುಕೊಟ್ಟು, ಗಟ್ಟಿಯಾಗಿ ಓದಿ ಎಂದೆ. ಎಳೆಯ ಪ್ರಾಯದವರು ಸಲೀಸಾಗಿ ಓದಿದರು. ವಯಸ್ಸಾದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಬೀಡಿ ಕಟ್ಟುವ ಹಿರಿಯಾಕೆಯೊಬ್ಬಳು, ನಾಲಿಗೆ ಬಲು ಚುರುಕು ಆಕೆಯದು, ಎದ್ದು ನಿಂತು, ‘ಎಲಿ ಕತ್ತರಸಾಕ ಬೇಕು ಕತ್ತರಿ, ನಮ್ಮವರ ಹೆಸರ ಹೇಳ್ತೀನಿ, ಎಲ್ಲಾರು ಸುಮ್ಮ ಕುಂದರ್ರಿ’ ಎಂದು ಆಗಿಂದಾಗಲೇ ಒಡಪು ಕಟ್ಟಿ ಗಂಡನ ಹೆಸರು ಹೇಳಿಯೇಬಿಟ್ಟಳು. ಭವನವೆಲ್ಲ ನಗು, ನಾನೂ ನಕ್ಕೆ.

ಬಾಗಿಲ ಹತ್ತಿರದವಳ ಸರದಿ ಬಂತು. ತನ್ನ ಹೆಸರು ಓದಿದಳು. ಮನೆತನದ ಹೆಸರು ಓದಿದಳು. ನಡುವಿನದ್ದನ್ನು ಬಿಟ್ಟಳು. ನಡುವಿನದು ಮೂರೇ ಅಕ್ಷರ, ಅದರಲ್ಲಿ ಎರಡು ಒತ್ತಕ್ಷರ. ‘ಕಲ್ಲು’ ಎಂಬ ಪದದಿಂದ ಶುರುವಾಗುತ್ತದೆ. ಉಳಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ, ಆ ಹೆಸರನ್ನು ಬಳಸುವ ಯೋಗ್ಯತೆಯನ್ನು ಕಳೆದುಕೊಂಡಿದ್ದೇನೆ. ಒಡಪು ಹಾಕಿಯಾದರೂ ಹೇಳು ಎಂದೆ. ಆಕೆ ತಲೆ ಅಲ್ಲಾಡಿಸಿದಳು. ಆಮೇಲೆ ಮಗ್ಗದ ಸದ್ದಿನಲ್ಲಿ ನನಗೆ ಮಾತ್ರ ಕೇಳುವಷ್ಟು ಹತ್ತಿರ ಬಂದು ಹೇಳಿದಳು:

‘ಇದನ್ನ ಬರೀತೀನ್ರಿ ಗುರುಜಿ. ಓದೂದೊಂದ ಬ್ಯಾಡ್ರಿ.’

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಬರೆಯುತ್ತೇನೆ, ಓದುವುದು ಮಾತ್ರ ಬೇಡ. ನನ್ನ ಇಡೀ ಖಾನೆಗೆ ಉತ್ತರ ಆ ಮಾತಿನಲ್ಲೇ ಇತ್ತು. ನಾನೇನು ಮಾಡಿದೆ? ಆಕೆಯ ಕೈಯಿಂದ ಪಾಟಿ ಕಸಿದು, ನಡುವಿನ ಮೂರು ಅಕ್ಷರವನ್ನು ಅಂಗೈಯಿಂದ ಒರೆಸಿ, ಓದಲು ಬಂದ ದಿನ ಬರೆಯುವೆಯಂತೆ ಎಂದೆ. ಒಡಪು ಹೇಳಿದ ಹಿರಿಯಾಕೆ, ‘ಗುರುಜಿ, ಆಕಿದ ಹಂಗಲ್ರಿ, ಆಕಿ ಮನ್ಯಾಗ...’ ಎಂದು ಏನೋ ಹೇಳಲು ಬಾಯಿ ತೆರೆದಳು. ನಿನ್ನ ಕೆಲಸ ನೀ ನೋಡಿಕೋ ಎಂದು ಆಕೆಯ ಬಾಯನ್ನೂ ಮುಚ್ಚಿಸಿದೆ.

ಅಲ್ಲಿಂದ ಮುಂದೆ ನನ್ನ ಮನಃಶಾಸ್ತ್ರ ಶುರುವಾಯಿತು. ಇದು ಕಲಿತ ಹೆದರಿಕೆ. ಯಾವುದಕ್ಕೆ ಹೆದರುತ್ತಾರೋ ಅದನ್ನೇ ದಿನವೂ ಎದುರಿಗಿಟ್ಟರೆ ಹೆದರಿಕೆ ಸವೆಯುತ್ತದೆ ಎಂದು ಓದಿದ್ದೆನಲ್ಲ. ಮೂಢನಂಬಿಕೆಯನ್ನು ಬೇರುಸಮೇತ ಕಿತ್ತು ಹಾಕುವ ಅವಕಾಶ ಸಿಕ್ಕಿದೆ ಎಂದುಕೊಂಡೆ. ದಿನವೂ ಮೊದಲು ಆಕೆಯನ್ನೇ ಎಬ್ಬಿಸಿದೆ. ಹೆಸರು ಹೇಳದಿದ್ದರೆ ಹೋಗಲಿ ಎಂದು ಬೋರ್ಡಿನ ಮೇಲೆ ‘ಕಲ್ಲು’ ಎಂದಷ್ಟೇ ಬರೆದೆ. ಆಕೆ ಅದನ್ನೂ ಓದಲಿಲ್ಲ, ಗಂಡನ ಹೆಸರಿನೊಳಗಿನ ಪದವೂ ಆಕೆಗೆ ಹೆಸರೇ. ‘ಹಾದ್ಯಾಗ ಎಡವತೈತಲ್ರಿ, ಅದು’ ಎಂದಳು. ಮರುದಿನ, ‘ಗ್ವಾಡಿ ಕಟ್ಟಾಕ ತರ್ತಾರಲ್ರಿ, ಅದು’ ಎಂದಳು. ಎರಡು ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಯಾರೂ ನಗಲಿಲ್ಲ. ತರಗತಿ ನಗುವುದನ್ನು ನಿಲ್ಲಿಸಿದಾಗ ಮಾಸ್ತರನಾದವನು ತಾನೂ ನಿಲ್ಲಿಸಬೇಕು. ನಾನು ಮುಂದುವರಿಸಿದೆ, ನನ್ನ ಟಿಪ್ಪಣಿಯಲ್ಲಿ ‘ಗ್ರಹಣಶಕ್ತಿ ಮಂದ, ಹಟ ಹೆಚ್ಚು’ ಎಂದೂ ಬರೆದೆ.

ಇದನ್ನೆಲ್ಲ ಒಂದು ಸಂಜೆ ಮನೆಯಲ್ಲಿ ಹೆಂಡತಿಯ ಮುಂದೆ ದೊಡ್ಡದಾಗಿ ಹೇಳಿಕೊಂಡೆ. ಆಕೆ ಮೆಂತ್ಯ ಸೊಪ್ಪು ಸೋಸುತ್ತ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, ತಲೆ ಎತ್ತದೆ, ‘ನನ್ನ ಕಡಿಂದ ಹೇಳಸ್ರಿ ನೋಡೂಣು’ ಎಂದಳು. ನಾನು ಎದ್ದು ಎಲೆ-ಅಡಿಕೆ ತರುವ ನೆಪದಲ್ಲಿ ಹೊರಗೆ ಹೋದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಸರು ಆಕೆಯ ಬಾಯಲ್ಲಿ ಬಂದಿಲ್ಲ. ಆಕೆಯ ಮೊಬೈಲಿನಲ್ಲೂ ನನ್ನ ನಂಬರಿನ ಮುಂದೆ ‘ಮನಿಯವರು’ ಎಂದೇ ಇದೆ, ಮಗಳು ಹಾಗೆ ಹಾಕಿಕೊಟ್ಟಿದ್ದಾಳೆ. ಅದು ನನಗೆ ಒಂದು ದಿನವೂ ಮೂಢನಂಬಿಕೆ ಅನ್ನಿಸಿರಲಿಲ್ಲ, ಹಿತವಾಗಿಯೇ ಇತ್ತು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎಂದು ಸುಮ್ಮನೆ ಗಾದೆ ಮಾಡಿಲ್ಲ.

ತಿಂಗಳಾದ ಮೇಲೆ ತರಗತಿ ನೋಡಲು ಮೇಲಿನ ಅಧಿಕಾರಿಯೊಬ್ಬರು ಬಂದರು. ಬುದ್ಧಿ ಇರುವ ಮಾಸ್ತರನಾದರೆ ಚೆನ್ನಾಗಿ ಓದುವ ನಾಲ್ವರನ್ನು ಎಬ್ಬಿಸಿ ಓದಿಸಿ ಕಳಿಸುತ್ತಿದ್ದ. ನಾನೂ ಹಾಗೆಯೇ ಓದಿಸಿದೆ. ಆದರೆ ಅವರು ತಾವಾಗಿಯೇ ಬಾಗಿಲ ಹತ್ತಿರದವಳ ಕಡೆ ತಿರುಗಿ, ‘ನೀವು ಓದ್ರಿ ಅಕ್ಕಾರ’ ಎಂದುಬಿಟ್ಟರು. ಬೋರ್ಡಿನ ಮೇಲೆ ಇನ್ನೂ ‘ಕಲ್ಲು’ ಇತ್ತು. ಆಕೆ ಎದ್ದು ನಿಂತಳು, ಬೋರ್ಡು ನೋಡಿದಳು, ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದರೆ, ಇವತ್ತೊಂದು ದಿನ ಬಿಟ್ಟುಬಿಡಿ ಎಂಬ ಕೋರಿಕೆ ಇತ್ತು. ಅಷ್ಟನ್ನು ತಿಳಿಯಲು ಮನಃಶಾಸ್ತ್ರವೇ ಬೇಕಾಗಿರಲಿಲ್ಲ. ನನಗೋ ಸಾಹೇಬರ ಮುಂದೆ ಮಾನ ಹೋಗುತ್ತಿದೆ ಎಂಬ ಉರಿ. ಎಲ್ಲರಿಗೂ ಕೇಳುವಂತೆ ಹೇಳಿದೆ:

‘ಕಲ್ಲಿನ ಮ್ಯಾಲರ ಅಕ್ಷರ ಕೂಡ್ರತಾವ್ರಿ ಸಾಹೇಬ್ರ, ಈಕಿ ತಲ್ಯಾಗ ಕೂಡ್ರೂದಿಲ್ಲ.’

ಸಾಹೇಬರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ಹಿರಿಯಾಕೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಾನು ಆಡಿಕೊಂಡದ್ದು ಬರೀ ಆಕೆಯನ್ನಲ್ಲ, ಆಕೆ ಬಾಯಲ್ಲಿ ತರಲು ಒಪ್ಪದ ಪದವನ್ನೇ ಎತ್ತಿ ಆಕೆಯ ಮುಖಕ್ಕೆ ಎಸೆದಿದ್ದೆ. ಅದು ಅವರೆಲ್ಲರಿಗೂ ತಕ್ಷಣ ತಿಳಿದಿತ್ತು. ಆಕೆ ಕುಳಿತುಕೊಂಡಳು. ಆ ದಿನ ಮೊದಲೇ ಎದ್ದು ಹೋಗಲಿಲ್ಲ, ನಾಲ್ಕರವರೆಗೂ ಇದ್ದಳು. ಮರುದಿನದಿಂದ ಬರಲಿಲ್ಲ. ಪಾಟಿಯನ್ನು ತೊಳೆದು ಒರೆಸಿ ಹಿರಿಯಾಕೆಯ ಕೈಯಲ್ಲಿ ಕಳಿಸಿದ್ದಳು. ನಾನು ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿಗೆ ಗೆರೆ ಎಳೆದು, ಪಕ್ಕದಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದೆ.

ಮೂರು ನಾಲ್ಕು ತಿಂಗಳಾಗಿರಬೇಕು. ಸಕ್ಕರೆ ಕಾಯಿಲೆಯ ತಪಾಸಣೆಗೆಂದು ನಾನು ಒಂದು ಬೆಳಿಗ್ಗೆ ದವಾಖಾನೆಗೆ ಹೋಗಿದ್ದೆ. ಕೇಸ್ ಪೇಪರ್ ಮಾಡಿಸುವ ಕಿಟಕಿಯ ಮುಂದೆ ಉದ್ದ ಸಾಲು. ಸಾಲು ಸರಿಯುತ್ತಲೇ ಇಲ್ಲ, ಜನ ಗೊಣಗುತ್ತಿದ್ದಾರೆ. ನನಗೂ ರೇಗಿತು, ಮುಂದೆ ಹೋಗಿ ನೋಡಿದೆ. ಕಿಟಕಿಯಲ್ಲಿ ಬೇರೆ ಕಡೆಯಿಂದ ಹೊಸದಾಗಿ ಬಂದ ಹುಡುಗಿ ಕುಳಿತಿದ್ದಳು. ಎದುರಿಗೆ ನನ್ನ ತರಗತಿಯ ಬಾಗಿಲ ಹತ್ತಿರದವಳು. ಕೈಯಲ್ಲಿ ಮಡಿಕೆಯೆಲ್ಲ ಹರಿದು, ಬೆವರಿಗೆ ಅಕ್ಷರ ಅಳಿಸಿಹೋದ ಒಂದು ಚೀಟಿ.

ರೋಗಿಯ ಹೆಸರು ಹೇಳಿ ಎಂದು ಕಿಟಕಿಯ ಹುಡುಗಿ. ಆಕೆ, ‘ನೆಲದ ಮ್ಯಾಲ ಬಿದ್ದಿರತೈತಲ್ರಿ, ಎಡವತೈತಿ’ ಎನ್ನುತ್ತಿದ್ದಾಳೆ. ಹುಡುಗಿಗೆ ತಿಳಿಯುತ್ತಿಲ್ಲ. ಸಾಲಿನಲ್ಲಿದ್ದವನೊಬ್ಬ, ಬಾಳೆಹಣ್ಣಿನ ಸಿಪ್ಪೆಯೇನು ಎಂದ. ಒಬ್ಬ, ಹುಲ್ಲೇನು ಎಂದ. ಜನ ನಗುತ್ತಿದ್ದರು. ಆಕೆ ಬಾಗಿ, ಕಟ್ಟೆಯ ಬುಡದಲ್ಲಿದ್ದ ಒಂದು ಹರಳನ್ನು ಎತ್ತಿ ಕಿಟಕಿಯ ಒಳಗೆ ಇಟ್ಟಳು. ಹುಡುಗಿ ಅದನ್ನು ತಳ್ಳಿ, ಆಟ ಆಡುವ ಜಾಗ ಅಲ್ಲ ಇದು, ಪಕ್ಕಕ್ಕೆ ಸರಿಯಿರಿ ಎಂದು ಗದರಿದಳು.

ನಾನು ಸಾಲು ಮುರಿದು ಹೋಗಿ ಆ ಮೂರು ಅಕ್ಷರದ ಹೆಸರು ಹೇಳಿದೆ. ನನಗೆ ಅದು ಚೆನ್ನಾಗಿ ನೆನಪಿತ್ತು, ನನ್ನ ಅಂಗೈಯಿಂದಲೇ ಒರೆಸಿದ್ದಲ್ಲವೇ. ಹುಡುಗಿ ಬರೆದುಕೊಂಡಳು, ಸಾಲು ಸರಿಯಿತು. ಆಕೆ ತಿರುಗಿ ನೋಡಿ, ಸೆರಗು ಹೊದ್ದು, ‘ಗುರುಜಿ ಬಂದ್ರಿ. ಚಲೋ ಆತ್ರಿ’ ಎಂದಳು. ಬೈದಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. ಚಲೋ ಆತು ಎಂದಳು.

ಹೊರಗೆ ನಿಂತಿದ್ದ ಆಟೋದಲ್ಲಿ ಆಕೆಯ ಗಂಡ ಮಲಗಿದ್ದ. ಲಕ್ವಾ ಹೊಡೆದು ಒಂದು ಬದಿ ಸತ್ವವಿಲ್ಲ, ಮಾತು ನಿಂತಿದೆ. ಎರಡು ವರ್ಷವಾಯಿತಂತೆ. ಹೊತ್ತಿಗೆ ಸರಿಯಾಗಿ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾಲ್ಕರ ಒಳಗೆ ಆಕೆ ಓಡಿ ಹೋಗುತ್ತಿದ್ದದ್ದು ಅದಕ್ಕೆ. ನಾನು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತ ದಿನ ಆತ ಮಗ್ಗಲು ಬದಲಿಸಿಕೊಳ್ಳಲಾಗದೆ ಹಾಗೆಯೇ ಬಿದ್ದುಕೊಂಡಿದ್ದ.

ಡಾಕ್ಟರು ಬರುವುದು ತಡವಿತ್ತು. ಬಾಕಿನ ಮೇಲೆ ಕುಳಿತೆವು. ಯಾಕೆ ತರಗತಿಗೆ ಬಂದಿದ್ದಿರಿ ಎಂದು ಆಗ ಕೇಳಿದೆ, ಮೊದಲ ಬಾರಿ ಬಹುವಚನದಲ್ಲಿ. ಆಕೆ ಹೇಳಿದ್ದು ಇಷ್ಟು. ಪ್ರತಿ ಸಲ ಬಂದಾಗ ಕಿಟಕಿಯಲ್ಲಿ ಹೆಸರು ಕೇಳುತ್ತಾರೆ. ಪಕ್ಕದ ಮನೆಯ ಹುಡುಗಿ ಒಮ್ಮೆ ಚೀಟಿ ಬರೆದುಕೊಟ್ಟಿದ್ದಳು, ಆಕೆ ಮದುವೆಯಾಗಿ ರಾಯಬಾಗಕ್ಕೆ ಹೋದಳು, ಚೀಟಿ ಹರಿಯಿತು. ಆ ಒಂದು ಹೆಸರು ಬರೆಯಲು ಕಲಿತರೆ ಯಾರ ಮುಂದೆಯೂ ಬಾಯಿ ತೆರೆಯುವ ಪ್ರಸಂಗವೇ ಇಲ್ಲ ಎಂದು ಬಂದಿದ್ದಳು. ಬೇರೆ ಅಕ್ಷರ ಆಕೆಗೆ ಬೇಕಾಗಿಯೇ ಇರಲಿಲ್ಲ. ಹೇಳಬಾರದು ಎಂದೇ ಆಕೆ ಬರೆಯಲು ಬಂದಿದ್ದಳು. ಹೇಳಿದರೆ ಮಾತ್ರ ಬರೆಸುತ್ತೇನೆ ಎಂದು ನಾನು ಕುಳಿತಿದ್ದೆ.

ಉಳಿದವರು ಒಡಪು ಹಾಕಿ ಹೇಳಿದರಲ್ಲ ಎಂದು ನಾನು ಇನ್ನೂ ನನ್ನ ಪಟ್ಟು ಬಿಡದೆ ಕೇಳಿದೆ. ಆಕೆ ಆಟೋದ ಕಡೆ ನೋಡುತ್ತ ಹೇಳಿದಳು:

‘ಅವರು ಚಲೋ ಇದ್ದಾಗ ನಾನೂ ಹತ್ತ ಸಲ ಹೇಳೀನ್ರಿ, ನಕ್ಕೋತ ಹೇಳೀನಿ. ಈಗ ಹ್ಯಾಂಗ ಹೇಳ್ಲಿ?’

ತಪ್ಪಾಯಿತು ಎಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಜೇಬಿನಿಂದ ಪೆನ್ನು ತೆಗೆದು, ನನ್ನ ತಪಾಸಣೆಯ ಹಳೆಯ ಕಾಗದವನ್ನು ಸಣ್ಣ ಸಣ್ಣ ತುಂಡು ಮಾಡಿ, ಹನ್ನೆರಡು ಚೀಟಿಗಳ ಮೇಲೆ ಆ ಹೆಸರನ್ನು ದುಂಡಗೆ ಬರೆದುಕೊಟ್ಟೆ. ತಿಂಗಳಿಗೊಂದರಂತೆ ವರ್ಷಕ್ಕೆ ಸಾಕು ಎಂದೆ. ದೊಡ್ಡ ಉಪಕಾರ ಮಾಡಿದವನ ಹಾಗೆ ಕೊಟ್ಟೆ. ಡಾಕ್ಟರು ಬರುವಷ್ಟರಲ್ಲಿ ಅಲ್ಲೇ ಕೂರಿಸಿ ಆ ಮೂರು ಅಕ್ಷರ ಬರೆಯಲು ಕಲಿಸಬಹುದಿತ್ತು ಎಂಬುದು ಮನೆಗೆ ಹೋದ ಮೇಲೆ ಹೊಳೆಯಿತು. ಸುಳ್ಳೇಕೆ, ಅಲ್ಲೇ ಹೊಳೆದಿತ್ತು. ಆಕೆಯ ಎದುರು ಅಷ್ಟು ಹೊತ್ತು ಕೂರುವ ಧೈರ್ಯ ನನಗಿರಲಿಲ್ಲ. ಚೀಟಿ ಕೊಟ್ಟರೆ ಬೇಗ ಎದ್ದು ಹೋಗಬಹುದಿತ್ತು.

ಮರುದಿನ ತರಗತಿಯಲ್ಲಿ ಉಳಿದವರನ್ನು ಒಬ್ಬೊಬ್ಬರನ್ನೇ ಕರೆದು, ಯಾಕೆ ಬರುತ್ತೀರಿ ಎಂದು ಕೇಳಿದೆ. ಅವರಿಗೆ ಆಶ್ಚರ್ಯ, ಅರ್ಧ ಪುಸ್ತಕ ಮುಗಿದ ಮೇಲೆ ಇದೇನು ಹೊಸದು ಎಂದು. ಜೈನರ ಮುದುಕಿಗೆ ಬಸದಿಯಲ್ಲಿ ಸೊಸೆಯಂದಿರ ಹಾಗೆ ಪುಸ್ತಕ ಹಿಡಿದು ಸ್ತೋತ್ರ ಓದುವ ಆಸೆ. ಬಾಯಿಪಾಠ ಬರುತ್ತದೆ, ಆದರೂ ಹಾಳೆ ತಿರುಗಿಸಬೇಕು. ಒಬ್ಬಳು ಶಿರಗುಪ್ಪಿಯ ಮಗಳ ಮನೆಗೆಂದು ಹೊರಟು ಬೇರೆ ಬಸ್ಸು ಹತ್ತಿ ಎಲ್ಲೋ ಇಳಿದು ಅತ್ತಿದ್ದಳು, ಬೋರ್ಡು ಓದಬೇಕಿತ್ತು. ಒಬ್ಬಳಿಗೆ ಮಗ ವಾಟ್ಸಾಪಿನಲ್ಲಿ ಸೊಸೆಗೆ ಏನು ಬರೆಯುತ್ತಾನೆ ಎಂದು ನೋಡಬೇಕಿತ್ತು. ಅದನ್ನು ಹೇಳುವಾಗ ಸ್ವಲ್ಪವೂ ನಾಚಲಿಲ್ಲ. ಒಡಪಿನ ಹಿರಿಯಾಕೆ ಮಾತ್ರ, ತಾನು ಕಲಿಯಲು ಬಂದೇ ಇಲ್ಲ, ಗೆಳತಿಗೆ ಒಬ್ಬಳೇ ಬರಲು ಅಂಜಿಕೆ ಎಂದು ಜೊತೆಗೆ ಬಂದಿದ್ದೆ, ಆಕೆ ಬಿಟ್ಟಳು, ತಾನು ಉಳಿದೆ ಎಂದಳು. ಗೆಳತಿ ಯಾರೆಂದು ನಾನು ಕೇಳಲಿಲ್ಲ. ಸಾಕ್ಷರಳಾಗಲು ಬಂದೆ ಎಂದು ಒಬ್ಬಳೂ ಹೇಳಲಿಲ್ಲ.

ಬಾಗಿಲ ಹತ್ತಿರದವಳ ಮನೆಗೆ ಹೋಗಿ, ಬನ್ನಿ, ನಿಮಗೆ ಬೇಕಾದದ್ದನ್ನೇ ಕಲಿಸುತ್ತೇನೆ ಎಂದು ಕರೆಯಬೇಕು ಎಂದು ದಿನವೂ ಅಂದುಕೊಂಡೆ. ಭವನದಿಂದ ಆಕೆಯ ಮನೆ ನಾಲ್ಕು ಮನೆ ಆಚೆಗಂತೆ. ಒಂದು ದಿನ ಓಣಿಯ ತಿರುವಿನವರೆಗೆ ಹೋಗಿ, ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ಮರಳಿದೆ. ಮಾಸ್ತರನಿಗೆ ತಪ್ಪು ಒಪ್ಪಿಕೊಳ್ಳುವುದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಕಲಿಸಿದ್ದರೂ ನಾನು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದೆ.

ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ವಾರ. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಲೆಕ್ಕ ಕೊಟ್ಟು ಕುಳಿತಿದ್ದೆ. ಬಾಗಿಲಲ್ಲಿ ಆಕೆ ನಿಂತಿದ್ದಳು. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ನಾನು ಎದ್ದು ನಿಂತೆ. ಆಕೆ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ನನ್ನ ಮೇಜಿನ ಮೇಲೆ ಏಳು ಚೀಟಿ ಇಟ್ಟಳು.

‘ಇವು ಉಳದಾವ್ರಿ, ಗುರುಜಿ.’

ಜೊತೆಗೆ ಪಂಚಾಯತಿಯಲ್ಲಿ ಕೊಟ್ಟ ಒಂದು ಅರ್ಜಿಯೂ ಇತ್ತು, ಮರಣ ದಾಖಲಿಸುವ ಅರ್ಜಿ. ತುಂಬಿಕೊಡಬೇಕೇ ಎಂದು ನಾನು ಪೆನ್ನು ತೆಗೆದೆ. ಬೇಡ ಎಂದಳು. ಉಳಿದದ್ದನ್ನೆಲ್ಲ ನೀವು ಬರೆಯಿರಿ, ಹೆಸರಿನ ಜಾಗದಲ್ಲಿ ಮಾತ್ರ ನಾನೇ ಬರೆಯುತ್ತೇನೆ, ಅಷ್ಟನ್ನು ಕಲಿಸಿಕೊಡಿ ಎಂದಳು.

‘ಈಗ ಹೇಳಾಕ ಏನೂ ಅಡ್ಡಿ ಇಲ್ರಿ’ ಎಂದು, ನಾನು ಕೇಳುವ ಮೊದಲೇ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದಳು. ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, ನನ್ನ ತರಗತಿಯಲ್ಲಿ ಹೇಗೆ ಓದಬೇಕು ಎಂದು ನಾನು ಹಟ ಹಿಡಿದಿದ್ದೆನೋ ಹಾಗೆಯೇ. ಲೆಕ್ಕ ಮಾಡುತ್ತಿದ್ದ ಮಕ್ಕಳು ತಲೆ ಎತ್ತಿ ನೋಡಿದರು.

ಕಪಾಟಿನಲ್ಲಿದ್ದ ಹೊಸ ನೋಟ್‌ಬುಕ್ಕೊಂದನ್ನು ತೆಗೆದು ಆಕೆಯ ಮುಂದೆ ಇಟ್ಟೆ. ಮೇಲಿನ ಸಾಲಿನಲ್ಲಿ ನಾನು ಬರೆದೆ, ಕೆಳಗಿನ ಸಾಲುಗಳಲ್ಲಿ ಆಕೆ ಬರೆದಳು. ಮೊದಲ ಒತ್ತಕ್ಷರ ಎರಡು ಸಲ ತಪ್ಪಿತು, ನೂಲಿನ ಎಳೆ ಹಿಡಿಯುವ ಬೆರಳುಗಳು ಮೂರನೆಯ ಸಲಕ್ಕೆ ಅದನ್ನು ಹಿಡಿದುಕೊಂಡವು. ಆರನೆಯ ಸಾಲಿನಲ್ಲಿ ನನ್ನ ಅಕ್ಷರವನ್ನು ನೋಡದೆಯೇ ಬರೆದಳು. ಆಮೇಲೆ ಅರ್ಜಿಯನ್ನು ಹತ್ತಿರ ಎಳೆದುಕೊಂಡು, ಮೃತರ ಹೆಸರು ಎಂದಿದ್ದ ಜಾಗವನ್ನು ಬೆರಳಿಟ್ಟು ನನ್ನಿಂದ ಖಾತ್ರಿ ಮಾಡಿಕೊಂಡು, ಅಲ್ಲಿ ಬರೆದಳು. ನಾನು ಗೋಡೆಯ ಗಡಿಯಾರ ನೋಡಿದೆ. ಶುರು ಮಾಡಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ.